ತುಕ್ಕನ್ನು ಕಾಯ್ದವರು

ಹಳೆಯ ಖಡ್ಗಗಳ ಅಲಗಿಗೆ ಹೊಳಪು ಕೊಡಬಲ್ಲವರು ನಮ್ಮ ಗಿಫು ಪ್ರಾಂತ್ಯದಲ್ಲಿ ಅನೇಕರಿದ್ದಾರೆ. ಹಿಡಿಯೊಳಗೆ ಅಡಗಿರುವ ಬುಡವನ್ನು ಅದರ ಕಪ್ಪು ತುಕ್ಕಿನ ಸಮೇತ ಇದ್ದ ಹಾಗೆಯೇ ಉಳಿಸಿಕೊಟ್ಟವರಲ್ಲಿ ಮಾತ್ರ ಕುಸಕಾಬೆ ಹಿರೋಮಾಸ ಅವರ ಹೆಸರನ್ನು ಮೊದಲು ಹೇಳಬೇಕು. ಮೂವತ್ತೆಂಟು ವರ್ಷ ನಮ್ಮ ಸಂಗ್ರಹಾಲಯದಲ್ಲಿ ದುಡಿದು ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತಿನ ಬಗ್ಗೆ ಈ ಬೀಳ್ಕೊಡುಗೆ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ಸಂಜೆ ತರಗತಿಗಳಲ್ಲಿ ಓದಿದ ನಾನು, ತಪ್ಪಿಲ್ಲದೆ ಹೇಳಬಲ್ಲೆನೆಂಬ ಧೈರ್ಯವಿರುವ ಒಂದೇ ಸಂಗತಿಯನ್ನು ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಇನಾಬಾ ತೋಮೆ ಎಂಬ ಹಿರಿಯ ಮಹಿಳೆ ತಮ್ಮ ಮನೆತನದ ಖಡ್ಗವನ್ನು ಅಲಗನ್ನು ಕಾಪಾಡಲು ಹಚ್ಚುವ ಎಣ್ಣೆಯನ್ನು ಬದಲಿಸಲು ಕೊಟ್ಟಿದ್ದರು. ಅಲಗಿಗೆ ಕಲ್ಲಿನ ಪುಡಿ ತಟ್ಟಿ ಹಳೆಯ ಎಣ್ಣೆಯನ್ನು ಒರೆಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಹಿಡಿ ಕಳಚಿದ್ದ ಬುಡ ಕೊಳೆಯಾದಂತೆ ಕಂಡು, ಅದನ್ನೂ ಅದೇ ಪುಡಿಯಿಂದ ಉಜ್ಜಿದೆ. ಕಮ್ಮಾರ ಕೊರೆದ ಹೆಸರಿನ ಪಕ್ಕದಲ್ಲಿ ಹೆಬ್ಬೆರಳಗಲ ಕಬ್ಬಿಣ ಬೆಳ್ಳಗೆ ಹೊಳೆಯಿತು. ಖಡ್ಗದ ವಯಸ್ಸಿಗೆ ಸಾಕ್ಷಿಯಾಗಿದ್ದ ನಾಲ್ಕುನೂರು ವರ್ಷಗಳ ತುಕ್ಕು ನನ್ನ ಒರೆಸುವ ಬಟ್ಟೆಗೆ ಬಂದಿತ್ತು.

ಔಷಧ ಹಚ್ಚಿದರೆ ಎರಡೇ ದಿನದಲ್ಲಿ ಕಪ್ಪಾಗುತ್ತದೆ, ಅಜ್ಜಿಗೆ ಕನ್ನಡಕ ಹಾಕಿದರೂ ತಿಳಿಯದು ಎಂದು ಸಹೋದ್ಯೋಗಿ ಸೊನೋಡಾ ಧೈರ್ಯ ಹೇಳಿದರು. ಕೆಲಸ ಹೋಗುವ ಭಯದಲ್ಲಿ ನಾನು ಒಪ್ಪಿಬಿಡುತ್ತಿದ್ದೆ.

“ಆ ಬಣ್ಣ ನಿನ್ನ ತಲೆಕೂದ್ಲಿಗೆ ಹಚ್ಕೊಳ್ಳಪ್ಪ, ಖಡ್ಗಕ್ಕೆ ಬೇಡ,” ಎಂದು ನಮ್ಮ ಮಾತು ಕೇಳಿಸಿಕೊಂಡ ಕುಸಕಾಬೆಯವರು ಸೊನೋಡಾಗೆ ಹೇಳಿದರು. ಮರುದಿನ ನನ್ನನ್ನು ಇನಾಬಾ ಅವರ ಮನೆಗೆ ಕರೆದೊಯ್ದರು.

ಚಾಪೆಗೆ ಹಣೆ ಮುಟ್ಟುವಂತೆ ಕುಸಕಾಬೆಯವರೇ ಮೊದಲು ಬಾಗಿದರು. “ಉಜ್ಜಿದ್ದು ಈ ಹುಡುಗಿ ಕೈ. ಬುಡ ಉಜ್ಜಬಾರ್ದು ಅಂತ ಹೇಳ್ಕೊಡದೆ ಇದ್ದಿದ್ದು ನಾನು. ಅಮ್ಮಾವ್ರು ಬಯ್ಯೋದಾದ್ರೆ ನನ್ನನ್ನ ಬಯ್ರಿ.”

ನಿಜಕ್ಕೂ ಅವರು ಹೇಳಿಕೊಟ್ಟಿದ್ದರು. ನಾನೇ ಮರೆತಿದ್ದೆ. ಅದನ್ನು ಅಲ್ಲೇ ಒಪ್ಪಿಕೊಂಡೆ.

ಇನಾಬಾ ಅವರು ಬುಡವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ನಮ್ಮ ಯಜಮಾನ್ರು ಇದ್ದಿದ್ರೆ ನಿಮ್ಮಿಬ್ರನ್ನೂ ಬಾಗಿಲಾಚೆ ನಿಲ್ಲಿಸ್ತಿದ್ರು,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಮುಂದಿನ ವರ್ಷಾನೂ ನೀನೇ ಎಣ್ಣೆ ಹಾಕು. ಹೊಸಬ್ರು ಬಂದು ಇನ್ನೊಂದು ಕಡೆ ಉಜ್ಜೋದು ಬೇಡ.”

ಹಾಗೆ ವರ್ಷಕ್ಕೊಮ್ಮೆ ನಾನೇ ಎಣ್ಣೆ ಹಾಕುತ್ತ ಹತ್ತೊಂಬತ್ತು ಶರತ್ಕಾಲಗಳು ಕಳೆದಿವೆ. ಆ ಜಾಗ ಈಗ ಹುರಿದ ಚಹಾ ಎಲೆಯ ಬಣ್ಣಕ್ಕೆ ಬಂದಿದೆ. ಸುತ್ತಲಿನ ಕಪ್ಪಿನೊಡನೆ ಬೆರೆಯಲು ಇನ್ನೂ ನೂರು ವರ್ಷವಾದರೂ ಬೇಕೆಂಬುದು ಕುಸಕಾಬೆಯವರ ಅಂದಾಜು. ಅಷ್ಟು ಆಯುಸ್ಸನ್ನು ಹಾರೈಸಿದರೆ ಅವರು ನಕ್ಕಾರು; ಆದರೂ ಹಾರೈಸುತ್ತೇನೆ. ಪ್ರತಿ ಶರತ್ಕಾಲವೂ ಬಂದು, ನನ್ನ ಪಕ್ಕದಲ್ಲಿ ಕುಳಿತು, ಆ ಹೆಬ್ಬೆರಳಗಲ ಎಷ್ಟು ಕಪ್ಪಾಯಿತೆಂದು ಅವರೇ ನೋಡಿ ಹೇಳಲಿ.

— ಒಗಿನೋ ಚಿಜುರು