ಬಳೆಯ ಕೆಳಗಿನ ಗೆರೆ

ಬನಹಟ್ಟಿಯ ನಮ್ಮ ಓಣಿಯ ಅಂಗನವಾಡಿ ಅಕ್ಕೋರು ಯಾವುದಕ್ಕೂ "ಇರ್ಲಿ, ನೋಡೂಣು" ಅನ್ನುತ್ತಿದ್ದರು. ಮಾತಾಡುವಾಗ ಎಡಗೈಯ ಬಳೆಗಳನ್ನು ಮಣಿಕಟ್ಟಿನ ಮೇಲೆ ಸರಿಸಿಕೊಳ್ಳುತ್ತಿದ್ದರು.

ಶ್ರಾವಣದ ಎರಡನೇ ಸೋಮವಾರ ತಂಗಿಯನ್ನು ಬಿಡಲು ಹೋದಾಗ, ಅವರು ಪುಟ್ಟ ಹುಡುಗಿಯೊಬ್ಬಳ ಅಂಗಿ ಎತ್ತಿ ನೋಡುತ್ತಿದ್ದರು. ಹೊಟ್ಟೆಯ ಮೇಲೂ ಬೆನ್ನ ಮೇಲೂ ಸುಟ್ಟ ಗೆರೆಗಳಿದ್ದವು.

"ಕಾಮಣಿ ಆಗಿತ್ರಿ, ಚುಟಿಗಿ ಹಾಕಿಸೇವಿ," ಎಂದಳು ಹುಡುಗಿಯ ಅಜ್ಜಿ. ಕಾಮಾಲೆಗೆ ಹೊಟ್ಟೆಗೋ ಕೈಗೋ ಬರೆ ಹಾಕಿಸುವುದು ನಮ್ಮಲ್ಲಿ ಹೊಸದಲ್ಲ.

"ಬೆನ್ನಿಗೂ ಕಾಮಣಿ ಏನ್ಬೇ?" ಅಕ್ಕೋರು ಕೇಳಿದರು.

"ನಿಮ್ಮ ಕೈಗೂ ಹಾಕ್ಯಾರಲ್ರೀ ಅಕ್ಕೋರ. ನಿಮ್ಮವ್ವ ಕೆಟ್ಟಾಕಿ ಏನು?"

ಅಕ್ಕೋರ ಬಳೆಗಳು ನಿಂತವು. ಆ ದಿನ ಅವರು "ನೋಡೂಣು" ಅನ್ನಲಿಲ್ಲ. ಅಜ್ಜಿಯ ಎದುರಿಗೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅಧಿಕಾರಿಗಳು ಬರುವವರೆಗೆ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಈಕಿಗೆ ಖರೇನ ಔಷಧಕ್ಕ ಹಾಕಿದ್ರ, ಅಕ್ಕೋರ?" ನಾನು ಕೇಳಿದೆ.

"ಅದನ್ನ ಬಂದವರು ಕೇಳ್ಲಿ. ನನಗ ಗೊತ್ತಿರೂದು ಉರಿ ಅಷ್ಟ."

ನಾನು ಅವರ ಬಳೆಗಳ ಕೆಳಗಿನ ಹಳೆಯ ಸುಟ್ಟ ಗೆರೆಯನ್ನೇ ನೋಡಿದೆ.

"ನಿಮಗ್ಯಾಕ ಹಾಕಿದ್ರು?"

ಹುಡುಗಿಯ ಅಂಗಿ ಸರಿಪಡಿಸುತ್ತ ಅಕ್ಕೋರು ಮೆಲ್ಲಗೆ ಹೇಳಿದರು:

"ಕೇಳಿದ್ರ ಅವ್ವ ಒಮ್ಮೆ ಕಾಮಣಿ ಅಂತಾಳ, ಒಮ್ಮೆ ಹಟ ಮಾಡ್ತಿದ್ದಿ ಅಂತಾಳ."