ಹಿಟ್ಟಿನ ಕ್ಯಾನ್ ಹೊತ್ತ ಸೈಕಲ್

ಕೊರೊನಾ ಮುಗಿದು ಹೋಟೆಲುಗಳು ಮತ್ತೆ ಬಾಗಿಲು ತೆರೆದ ವರ್ಷ. ಆಂಟಾಪ್ ಹಿಲ್‌ನಲ್ಲಿ ನಾನು ಇಡ್ಲಿ, ದೋಸೆ ಹಿಟ್ಟು ರುಬ್ಬುತ್ತಿದ್ದೆ. ತಮ್ಮ ರಘು ಅದನ್ನು ಸೈಕಲ್ ಮೇಲೆ ಸುತ್ತಲಿನ ಹೋಟೆಲುಗಳಿಗೆ ಮುಟ್ಟಿಸುತ್ತಿದ್ದ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಮನೆಯಲ್ಲಿ ನನ್ನದೇ ಕೊನೆಯ ಮಾತು.

ಮೊದಲು ಕ್ಯಾರಿಯರಿನ ಎರಡೂ ಬದಿಗೆ ಒಂದೊಂದು ಸಣ್ಣ ಕ್ಯಾನ್ ತೂಗುಹಾಕುತ್ತಿದ್ದೆವು. ಕಟ್ಟುವ ಕೆಲಸ ಕಡಿಮೆಯಾಗಲಿ ಎಂದು ನಾನು ಒಂದೇ ದೊಡ್ಡ ಕ್ಯಾನ್ ತಂದು ಕ್ಯಾರಿಯರಿನ ಮೇಲೆ ನಿಲ್ಲಿಸಿದೆ. ಹುಳಿ ಬಂದ ಹಿಟ್ಟು ಉಬ್ಬುತ್ತದೆ. ಅದಕ್ಕೆಂದು ಕ್ಯಾನಿನಲ್ಲಿ ಜಾಗ ಬಿಟ್ಟಿದ್ದೆ. ದಾರಿಯಲ್ಲಿ ಆ ಜಾಗ ಏನು ಮಾಡುತ್ತದೆಂದು ಯೋಚಿಸಿರಲಿಲ್ಲ.

"ಅಣ್ಣ, ಹ್ಯಾಂಡಲ್ ನಡುಗ್ತದೆ. ತಿರುಗಿಸುವಾಗ ಹಿಂದಿನಿಂದ ಯಾರೋ ದೂಡಿದ ಹಾಗೆ ಆಗ್ತದೆ" ಎಂದ ರಘು.

"ಕುಣಿಲಿಕ್ಕೆ ಬಾರದವ ನೆಲ ಡೊಂಕು ಅಂದನಂತೆ! ಹೋಗು ಮಾರಾಯ, ಹೋಟೆಲಿನವರು ಕಾಯ್ತಿದ್ದಾರೆ" ಎಂದೆ.

ಆ ವಾರವೇ ಅವನು ತಿರುವಿನಲ್ಲಿ ಬಿದ್ದ. ಮಣಿಕಟ್ಟು ಮುರಿಯಿತು. ಹೋಟೆಲಿನ ಶೆಟ್ಟರು ಫೋನ್ ಮಾಡಿದಾಗ ನಾನು, "ಮೊಬೈಲ್ ನೋಡ್ತಾ ಬಿದ್ದ" ಎಂದುಬಿಟ್ಟೆ. ಪ್ಲಾಸ್ಟರ್ ಹಾಕಿದ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂತಿದ್ದ.

ಮರುದಿನ ಅದೇ ಕ್ಯಾನ್ ಹೇರಿ ನಾನೇ ಸೈಕಲ್ ಹತ್ತಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ನಿಂತರೂ ಹಿಟ್ಟು ನಿಲ್ಲಲಿಲ್ಲ. ಕ್ಯಾನಿನ ಖಾಲಿ ಜಾಗದಲ್ಲಿ ಮುಂದಕ್ಕೆ ನುಗ್ಗಿ, ಮತ್ತೆ ಹಿಂದಕ್ಕೆ ಜಗ್ಗಿತು. ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ಕೈಯಲ್ಲೇ ಒದ್ದಾಡಿತು. ಇಳಿದು ತಳ್ಳಿಕೊಂಡೇ ಹೋದೆ.

"ತಡ ಆಯ್ತಲ್ಲ ಮಾರಾಯ! ಕೈ ಸರಿಯಾದ್ರೂ ಆ ಮೊಬೈಲ್ ರಾಜನನ್ನು ಕಳಿಸ್ಬೇಡ" ಎಂದರು ಶೆಟ್ಟರು.

"ಮೊಬೈಲ್ ಅಂದದ್ದು ಸುಳ್ಳು ಶೆಟ್ರೇ. ಅವನು ಹೇಳಿದ್ದ, ನಾನೇ ಕೇಳ್ಲಿಲ್ಲ. ಹೇರಿದ್ದೂ ನಾನೇ."

ಮನೆಗೆ ಬಂದು ತಮ್ಮನ ಮುಂದೆಯೂ ಅದನ್ನೇ ಹೇಳಿದೆ. "ಗೊತ್ತುಂಟು, ಶೆಟ್ರ ಫೋನ್ ಬಂದಿತ್ತು. ಮೊದಲು ಆ ಸಣ್ಣ ಕ್ಯಾನ್ ತೊಳಿ" ಎಂದ.

ಈಗ ಹಿಟ್ಟು ಮನೆಯ ಪಾತ್ರೆಯಲ್ಲೇ ಹುಳಿ ಬರುತ್ತದೆ. ಬೆಳಿಗ್ಗೆ ಸಣ್ಣ ಕ್ಯಾನುಗಳಿಗೆ ಬಾಯಿಮಟ್ಟ ತುಂಬಿ, ಎರಡೂ ಬದಿಗೆ ಸಮತೂಕವಾಗಿ, ಆದಷ್ಟು ತಗ್ಗಿನಲ್ಲಿ ಕಟ್ಟುತ್ತೇನೆ. ಹೇರಿದವನೇ ಮೊದಲು ಬಿಲ್ಡಿಂಗಿಗೆ ಒಂದು ಸುತ್ತು ಹೊಡೆದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ರಘುವಿನ ಕೈ ಚೆನ್ನಾಗಿ ಕೂಡಿಕೊಂಡಿದೆ. ನಾನು ಸುತ್ತು ಮುಗಿಸಿ ಬರುವಾಗ ಅವನು ಬಾಗಿಲಲ್ಲಿ ಚಹಾ ಕುಡಿಯುತ್ತ ದಿನವೂ ಕೇಳುತ್ತಾನೆ:

"ಅಣ್ಣ, ಇವತ್ತು ನೆಲ ಹೇಗುಂಟು?"