ನೂರು ಕುದುರೆಯ ಬದನೆಕಾಯಿ

ನನ್ನ ಕಾರಿಗೆ ನೂರು ಕುದುರೆಗಳ ಬಲವಿದೆ ಎಂದು ನಾನು ಹತ್ತು ವರ್ಷ ಹೇಳಿಕೊಂಡು ತಿರುಗಿದೆ. ಮರ್ಫಿ ಟೌನಿನ ಟೀ ಅಂಗಡಿಯಲ್ಲಿ ಹೇಳಿದೆ. ಹಲಸೂರಿನ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಇಟ್ಟುಕೊಂಡೇ ಹೇಳಿದೆ. ಹಲ್ಲು ಕೀಳಿಸಲು ಹೋದಾಗ ಬಾಯಿಗೆ ಹತ್ತಿ ತುರುಕಿದ್ದರೂ, ಹತ್ತು ಬೆರಳನ್ನು ಹತ್ತು ಸಲ ಬಿಚ್ಚಿ ಮಡಿಸಿ ಡಾಕ್ಟರಮ್ಮನಿಗೆ ತಿಳಿಸಿದೆ. ಯಾರೂ ಅಳೆದು ನೋಡಿರಲಿಲ್ಲ. ನಾನೂ ಅಳೆದಿರಲಿಲ್ಲ. ಹಾಗಾಗಿ ಸುಳ್ಳು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಕಾರು ಎಂದರೆ ದೊಡ್ಡದೇನಲ್ಲ. ನಾಲ್ಕು ಜನ ಕೂತರೆ ಐದನೆಯವರ ಚಪ್ಪಲಿ ಇಡಲೂ ಜಾಗವಿಲ್ಲದ ಹಳೆಯ ಪುಟ್ಟ ಗಾಡಿ. ಹುಟ್ಟಿದಾಗ ಅದಕ್ಕಿದ್ದದ್ದು ನಲವತ್ತಕ್ಕೂ ಕಡಿಮೆ ಕುದುರೆ. ನಾನು ಅದರ ಹೊಟ್ಟೆ ಬಗೆದು ದೊಡ್ಡ ಇಂಜಿನ್ ಕೂರಿಸಿದೆ. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಭಾನುವಾರಗಳನ್ನೆಲ್ಲ ಸವೆಸಿ ಒಂದೊಂದೇ ಭಾಗ ಹೆಕ್ಕಿ ತಂದೆ. ಒಂದು ಕಾರ್ಬೊರೇಟರ್ ಇದ್ದ ಕಡೆ ಎರಡು ಹಾಕಿದೆ. ಹೊಗೆ ಕೊಳವೆಯನ್ನು ನನ್ನ ತೋಳಿನಷ್ಟು ದಪ್ಪ ಮಾಡಿದೆ. ಯಾರದೋ ಗೇಟಿಗೆ ಬಳಿದು ಉಳಿದಿದ್ದ ಬಣ್ಣ ಸಿಕ್ಕಿತು, ಅದನ್ನೇ ಹೊಡೆದೆ, ಗಾಡಿ ಬದನೆಕಾಯಿಯಂತಾಯಿತು. ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿದರೆ ಎದುರು ಮನೆಯ ಕಿಟಕಿ ಗಾಜು ಗದಗದ ನಡುಗುತ್ತದೆ. ಆ ಮನೆಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದಾರೆ. ನನಗೆ ಥ್ಯಾಂಕ್ಸ್ ಮಾತ್ರ ಇನ್ನೂ ಹೇಳಿಲ್ಲ.

ಇಷ್ಟೆಲ್ಲ ಹೇಗೆ ಬಂತು ಎಂದರೆ, ನಾನು ಮೂವತ್ತೆರಡು ವರ್ಷ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಬೇರೆಯವರು ಕಡೆದ ಲೋಹದ ಭಾಗಗಳನ್ನು ಅಳೆದು ಸಹಿ ಹಾಕುವುದೇ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುತ್ತಿದ್ದೆ. ಕೆಲಸದಲ್ಲಿ ಅಷ್ಟು ಕಟ್ಟುನಿಟ್ಟು. ಬಾಕಿ ಸಮಯ ಪೂರ್ತಿ ತರಲೆ. ಒಮ್ಮೆ ಒಬ್ಬ ಫಿಟ್ಟರನ ಸೈಕಲ್ಲಿನ ಸೀಟು ಕಿತ್ತು, ಕೆಳಗಿನ ಕೊಳವೆಯೊಳಗೆ ಒಂದು ಉಕ್ಕಿನ ಗುಂಡು ಇಳಿಬಿಟ್ಟು ಮತ್ತೆ ಸೀಟು ಕೂರಿಸಿದೆ. ಹಳ್ಳ ಬಂದಾಗಲೆಲ್ಲ ಠಣಕ್! ಪಾಪ, ಅವನು ಒಂದು ವಾರ ಸೈಕಲ್ಲನ್ನು ಪೂರ್ತಿ ಬಿಚ್ಚಿ ಜೋಡಿಸಿದ. ಎಂಟನೆಯ ದಿನ ಗುಂಡು ಸಿಕ್ಕಿತು. ಅದನ್ನು ಹಿಡಿದುಕೊಂಡು ಸೀದಾ ನನ್ನ ಹತ್ತಿರವೇ ಬಂದ. ಅವತ್ತಿನಿಂದ ಅವನೇ ನನ್ನ ಪ್ರಾಣಸ್ನೇಹಿತ. ಈಗ ರಾಮಮೂರ್ತಿ ನಗರದಲ್ಲಿದ್ದಾನೆ, ನನ್ನಂತೆಯೇ ರಿಟೈರ್ಡ್.

ಈ ನೂರು ಕುದುರೆಗಳ ಕಥೆಯಿಂದ ಪೆಟ್ಟು ತಿಂದವಳು ಒಬ್ಬಳೇ, ನನ್ನ ಹೆಂಡತಿ. ಅವಳು ವಿಮಾ ಕಚೇರಿಯಿಂದ ನಿವೃತ್ತಳಾದ ಮರುತಿಂಗಳೇ ಇಂದಿರಾನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲನೇ ಪರೀಕ್ಷೆಯಲ್ಲೇ ಪಾಸಾಗಿ ಲೈಸೆನ್ಸ್ ತಂದಳು. ಮೂರು ವರ್ಷದಿಂದ ಅದು ಅವಳ ಕೈಚೀಲದಲ್ಲಿ ತಣ್ಣಗೆ ಮಲಗಿತ್ತು.

"ರೀ, ಕೀ ಕೊಡಿ. ತಂಗಿ ಮನೆಗೆ ಹೋಗ್ಬರ್ತೀನಿ."

"ನೂರು ಕುದುರೆ ಕಣೇ ಅದು! ಕ್ಲಚ್ ಬಿಟ್ರೆ ಸೀದಾ ಹಲಸೂರು ಕೆರೇಲಿ ಇರ್ತೀಯ. ನಿನ್ ಕೈಗೆ ನಿಲ್ಲಲ್ಲ."

"ಮತ್ತೆ ನಂಗೆ ಲೈಸೆನ್ಸ್ ಕೊಟ್ಟಿದ್ದು ಕತ್ತೆ ಓಡ್ಸೋಕಾ?"

"ಕತ್ತೆ ಆದ್ರೆ ಕೊಡ್ತಿದ್ದೆ."

ಇದು ವಾರಕ್ಕೊಂದು ಸಲ ನಡೆಯುತ್ತಿದ್ದ ಜಗಳ. ನಿಜ ಹೇಳಿಬಿಡುತ್ತೇನೆ: ಅವಳು ಓಡಿಸಲಾರಳು ಎಂಬ ಭಯ ನನಗೆ ಇರಲೇ ಇಲ್ಲ. ಚೆನ್ನಾಗಿ ಓಡಿಸಿಬಿಟ್ಟರೆ ನನ್ನ ಗತ್ತೇನಾಗಬೇಕು ಎಂಬುದೇ ಭಯ.

ಹೀಗಿರುವಾಗ ನನ್ನ ಫಿಟ್ಟರ್ ಗೆಳೆಯ ಒಂದು ದಿನ ಮನೆಗೆ ಬಂದವನೇ, ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾಯಿ ಬಿಟ್ಟ.

"ಗುರು, ಭಾನುವಾರ ಕೆ.ಆರ್. ಪುರಂ ಆಚೆ ಮೈದಾನದಲ್ಲಿ ಕಾರ್ ಶೋ ಐತೆ. ಗಾಡಿ ಪವರ್ ಅಳೆಯೋ ಮೆಷಿನ್ ತರಿಸವ್ರಂತೆ. ನಿನ್ ನೂರು ಕುದುರೆನ ಲೈನಾಗಿ ನಿಲ್ಲಿಸಿ ಎಣಿಸ್ಬಿಡಾಣ!"

ನಾನು ಕಣ್ಣು ಮಿಟುಕಿಸಿ ಸುಮ್ಮನಿರು ಎಂದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನೂರು ಬಂದ್ರೆ ಈ ಜನ್ಮದಲ್ಲಿ ನಿಮ್ಮನ್ನ ಕೀ ಕೇಳಲ್ಲ. ತೊಂಬತ್ತೊಂಬತ್ತು ಬಂದ್ರೂ ಅಲ್ಲಿಂದ ಮನೆಗೆ ಗಾಡಿ ತರೋಳು ನಾನು. ಆಮೇಲೆ ವಾರದಲ್ಲಿ ಮೂರು ದಿನ ಕೀ ನಂದು. ಒಪ್ಪಿಗೇನಾ?"

ಗೆಳೆಯನ ಎದುರಿಗೆ ಇಲ್ಲ ಎನ್ನಲಾಗುತ್ತದೆಯೇ? "ಒಪ್ಪಿಗೆ" ಎಂದೆ. ನನ್ನ ಧ್ವನಿ ನನಗೇ ಮಿಕ್ಸಿಯೊಳಗಿಂದ ಬಂದಂತೆ ಕೇಳಿಸಿತು.

ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ಮೈದಾನದ ತುಂಬ ಕಾರುಗಳು. ಒಂದಕ್ಕೆ ಹೊಟ್ಟೆ ಕೆಳಗೆ ನೀಲಿ ದೀಪ, ಇನ್ನೊಂದರ ಬೆನ್ನ ಮೇಲೆ ಇಸ್ತ್ರಿ ಟೇಬಲ್ಲಿನಷ್ಟು ಅಗಲದ ರೆಕ್ಕೆ, ಮತ್ತೊಂದು ನೆಲಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ ಅದರ ಕೆಳಗೆ ಇರುವೆಯೂ ಬಗ್ಗಿಕೊಂಡೇ ಹೋಗಬೇಕು. ನಮ್ಮ ಬದನೆಕಾಯಿ ಒಳಗೆ ಹೋಗುತ್ತಿದ್ದಂತೆ ಕಪ್ಪು ಕನ್ನಡಕದ ಹುಡುಗರ ಗುಂಪೊಂದು ದಾರಿ ಬಿಟ್ಟಿತು.

"ಅಂಕಲ್, ತರಕಾರಿ ಗಾಡಿ ಪಾರ್ಕಿಂಗ್ ಆ ಕಡೆ!"

ನಾನು ಇಳಿದು ಬಾನೆಟ್ಟನ್ನು ಅರ್ಧ ಮಾತ್ರ ಎತ್ತಿದೆ. "ಹತ್ರ ಬರ್ಬೇಡ್ರಪ್ಪ. ಆ ಹಿತ್ತಾಳೆದು ಕಾಣುತ್ತಲ್ಲ, ಅದು ವಿಮಾನದ ಪಾರ್ಟು. ಸ್ವಲ್ಪ ಸೂಕ್ಷ್ಮ." ಅಷ್ಟೂ ಜನ ಉಸಿರು ಹಿಡಿದು ಬಗ್ಗಿ ನೋಡಿದರು. ಒಬ್ಬ ಮೊಬೈಲಿನಲ್ಲಿ ಫೋಟೋ ಹೊಡೆದ. ಅದು ನಮ್ಮ ಮನೆಯ ಹಳೆಯ ಕುಕ್ಕರಿನ ವಿಷಲ್ಲು, ಅಂದಕ್ಕೆಂದು ಅಂಟಿಸಿದ್ದೆ. ಹೆಂಡತಿ ಆ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

ಅಳೆಯುವ ಯಂತ್ರ ಒಂದು ಎತ್ತರದ ಕಟ್ಟೆಯಂತಿತ್ತು. ಅದರ ನಡುವೆ ಉಕ್ಕಿನ ದಪ್ಪ ರೋಲರುಗಳು. ಕಾರಿನ ಮುಂದಿನ ಎರಡು ಚಕ್ರ ಅವುಗಳ ಮೇಲೆ ಕೂರಬೇಕು. ಗಾಡಿಯನ್ನು ಪಟ್ಟಿಗಳಿಂದ ಬಿಗಿದು ಕಟ್ಟಿ ಆಕ್ಸಿಲರೇಟರ್ ಒತ್ತಿದರೆ, ನಿಂತಲ್ಲೇ ಚಕ್ರಗಳು ರೋಲರುಗಳನ್ನು ತಿರುಗಿಸುತ್ತವೆ. ಎಷ್ಟು ಬೇಗ ತಿರುಗಿಸಿದವು ಎಂಬುದರಿಂದ ಕಂಪ್ಯೂಟರು ಬಲ ಲೆಕ್ಕ ಹಾಕಿ ದೊಡ್ಡ ಪರದೆಯ ಮೇಲೆ ತೋರಿಸುತ್ತದೆ. ಅದರ ಉಸ್ತುವಾರಿಯವನು ಪುಲಿಕೇಶಿನಗರದವನು, ಗಡ್ಡಕ್ಕೆ ಮೆಹಂದಿ ಹಚ್ಚಿದ್ದ ನಲವತ್ತರ ಆಸುಪಾಸಿನ ಗಟ್ಟಿ ಆಳು. ಗಾಡಿಯ ಸುತ್ತ ಎರಡು ಸುತ್ತು ಬಂದು ಕೊಳವೆಯನ್ನು ತಟ್ಟಿದ.

"ಅರೆ ವಾಹ್, ಅಂಕಲ್! ನೀವೇ ಮಾಡಿದ್ದಾ? ಎಷ್ಟು ಬರ್ಬೋದು?"

"ನೂರು," ಎಂದೆ.

ಅವನು ನನ್ನ ಮುಖ ನೋಡಿದ, ಗಾಡಿಯ ಮುಖ ನೋಡಿದ, "ಅಲ್ಲಾ ಮಾಲಿಕ್" ಎಂದು ಒಳಗೆ ಕೂತು ಬೆಲ್ಟ್ ಹಾಕಿಕೊಂಡ.

ಅವನು ಬೆಲ್ಟ್ ಹಾಕಿಕೊಳ್ಳುವ ಆ ಅರೆಗಳಿಗೆಯಲ್ಲಿ ನಾನು ನನ್ನ ಕೆಲಸ ಮುಗಿಸಿದೆ. ಕಾರ್ಖಾನೆಯಲ್ಲಿ ಯಾವ ಹೊಸ ಯಂತ್ರವನ್ನೂ ನಾವು ಪೂಜೆಯಿಲ್ಲದೆ ತಿರುಗಿಸಿದವರಲ್ಲ. ಗಾಡಿಯನ್ನಂತೂ ಚಕ್ರಕ್ಕೆ ನಿಂಬೆಹಣ್ಣು ಇಡದೆ ಹೊರಡಿಸಿದ್ದೇ ಇಲ್ಲ. ಗೆಳೆಯ ಜೇಬಿನಿಂದ ಎರಡು ದಪ್ಪ ನಿಂಬೆಹಣ್ಣು ತೆಗೆದುಕೊಟ್ಟ. ಕುಂಕುಮ ಮೆತ್ತಿ, ಒಂದೊಂದು ಚಕ್ರಕ್ಕೂ ರೋಲರಿಗೂ ನಡುವೆ ಒಂದೊಂದು ತುರುಕಿ ಕೈಮುಗಿದೆ. ಒಳಗೆ ಕೂತವನಿಗೆ ಮುಂದಿನ ಚಕ್ರ ಎಲ್ಲಿ ಕಾಣಬೇಕು?

ಇಂಜಿನ್ ಗರ್ಜಿಸಿತು. ಮೊದಲನೇ ಸುತ್ತಿಗೇ ನಿಂಬೆಹಣ್ಣು ಚಟ್ ಚಟ್ ಎಂದವು. ಚಕ್ರಗಳು ಒಂದು ಸಲ ಚೀತ್ಕರಿಸಿದವು, ಗಾಡಿ ಕಟ್ಟಿಹಾಕಿದ ಟಗರಿನಂತೆ ಜಗ್ಗಿತು, ಪರದೆಯ ಮೇಲಿನ ಗೆರೆ ಮೆಲ್ಲಗೆ ಏರುತ್ತಿದ್ದದ್ದು ಇದ್ದಕ್ಕಿದ್ದಂತೆ ತೆಂಗಿನ ಮರ ಹತ್ತಿದ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಕೆಳಗೆ ಕೆಂಪಕ್ಷರದಲ್ಲಿ ಅಂಕಿ ಬಂತು. ನೂರಾ ನಾಲ್ಕು.

ನನ್ನ ಕಾಲು ನೆಲದ ಮೇಲಿರಲಿಲ್ಲ. ಇದು ಕವಿತ್ವವಲ್ಲ, ಕಪ್ಪು ಕನ್ನಡಕದ ಹುಡುಗರು ನನ್ನನ್ನು ನಿಜವಾಗಿಯೂ ಎತ್ತಿಬಿಟ್ಟಿದ್ದರು. "ಅಂಕಲ್, ಬೆಂಕಿ ನೀವು! ವಿಮಾನದ ಪಾರ್ಟ್ ಎಲ್ ಸಿಗುತ್ತೆ ಹೇಳಿ ಅಂಕಲ್!" ಗೆಳೆಯ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಕೆಳಗಿಳಿದ ಮೇಲೂ ನಾನು ಸೊಂಟದ ಪಟ್ಟಿ ಹಿಡಿದುಕೊಂಡು ಕುಣಿದೆ. ಮಂಡಿ ನೋವು ಎಂಬ ಪದವೇ ಮರೆತುಹೋಗಿತ್ತು.

ಹೆಂಡತಿ ಹತ್ತಿರ ಬಂದಳು. ಲೈಸೆನ್ಸು ಅವಳ ಕೈಯಲ್ಲೇ ಇತ್ತು. ಬೆಳಿಗ್ಗೆಯಿಂದ ಹಿಡಿದುಕೊಂಡೇ ನಿಂತಿದ್ದಳೋ ಏನೋ. ಅದನ್ನು ಚೀಲದ ಒಳಗಿನ ಜೇಬಿಗೆ ಹಾಕಿ ಜಿಪ್ ಎಳೆದಳು.

"ಗೆದ್ರಿ ಬಿಡಿ," ಎಂದಳು. "ಇನ್ನು ಕೇಳಲ್ಲ."

ಜಗಳವಾಡಿದ್ದರೆ ನನಗೆ ಎಷ್ಟೋ ಸುಖವಿತ್ತು.

ಆ ಹೊತ್ತಿಗೆ ಗಡ್ಡದವನು ಒಂದು ಅಚ್ಚಾದ ಹಾಳೆ ತಂದು, ಪೆನ್ನು ಕೊಟ್ಟ. "ಇಲ್ಲಿ ಒಂದು ಸೈನ್ ಹಾಕಿ, ಅಂಕಲ್. ಬೋರ್ಡಿಗೆ ಅಂಟಿಸ್ತೀವಿ."

ಪೆನ್ನು ಹಿಡಿದೆ. ಕೈ ಮುಂದಕ್ಕೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ನಮ್ಮ ಪದ್ಧತಿ ಏನೆಂದರೆ, ಒಂದೇ ಭಾಗವನ್ನು ಮೂರು ಸಲ ಅಳೆಯಬೇಕು. ಒಂದು ಅಳತೆ ದಾರಿ ತಪ್ಪಿದರೆ ಅದನ್ನು ಬಿಟ್ಟು, ಹೊಂದಿಕೊಂಡ ಎರಡನ್ನು ನೋಡಿ ಸಹಿ ಹಾಕಬೇಕು. ಮೂವತ್ತೆರಡು ವರ್ಷದಲ್ಲಿ ನಾನು ಒಂದೇ ರೀಡಿಂಗಿಗೆ ಸಹಿ ಹಾಕಿದವನಲ್ಲ. ಹಾಕು ಎಂದ ಸಾಹೇಬರಿಗೂ ಹಾಕಿಕೊಟ್ಟಿಲ್ಲ. ತಲೆ "ಹಾಕೋ ಮೂರ್ಖಾ" ಎನ್ನುತ್ತಿದೆ, ಬೆರಳು ಕೇಳುತ್ತಿಲ್ಲ. ಬಾಯಿ ನನ್ನನ್ನು ಕೇಳದೆ ಮಾತಾಡಿಬಿಟ್ಟಿತು.

"ಇನ್ನೆರಡು ಸಲ ಓಡಿಸಪ್ಪ."

"ಲೋ ಮಗಾ, ತಲೆ ಕೆಟ್ಟೈತಾ?" ಗೆಳೆಯ ನನ್ನ ಅಂಗಿ ಹಿಡಿದು ಎಳೆದ. "ನೂರಾ ನಾಲ್ಕು ಬಂದೈತೆ, ಸೈನ್ ಹಾಕಿ ಓಡೋಗಾಣ ಬಾ!"

"ಒಂದು ರೀಡಿಂಗಿಗೆ ಹಾಕಲ್ಲ ಕಣೋ."

ಹೆಂಡತಿಯ ಕೈ ಮತ್ತೆ ಜಿಪ್ಪಿನ ಮೇಲೆ ಹೋಗಿದ್ದನ್ನು ನೋಡಿದೆ.

ಗಡ್ಡದವನು ಭುಜ ಹಾರಿಸಿ ಗಾಡಿಯ ಮುಂದೆ ಬಗ್ಗಿದ. ಬಗ್ಗಿದವನು ಹಾಗೇ ನಿಂತ. ರೋಲರಿನ ಮೇಲೆಲ್ಲ ಕೆಂಪು ರಸ, ಬೀಜ, ಸಿಪ್ಪೆ.

"ಅಂಕಲ್! ಯೇ ಕ್ಯಾ ಹೈ? ಇಲ್ಲೇನ್ ಉಪ್ಪಿನಕಾಯಿ ಹಾಕ್ತಾ ಇದೀರಾ?"

"ಪೂಜೆ ಕಣಪ್ಪ."

"ನಿಮ್ ಪೂಜೆಗೆ ಟೈರ್ ಜಾರಿದೆ, ಅಂಕಲ್! ಜಾರಿ ಜೋರಾಗಿ ತಿರುಗಿ, ಆಮೇಲೆ ಗಪ್ಪಂತ ರೋಲರ್ ಹಿಡ್ಕೊಂಡಿದೆ. ಆ ಏಟಿಗೆ ಗೆರೆ ಆಕಾಶಕ್ಕೆ ಹೋಗಿದೆ. ಅದು ನಿಮ್ ಇಂಜಿನ್ ಪವರ್ ಅಲ್ಲ, ನಿಂಬೆಹಣ್ಣಿಂದು!"

ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬೇಕೆಂದೇ ಮಾಡಿದ ಕುತಂತ್ರ ಇದು ಎಂದು ಗೆಳೆಯ ಇವತ್ತಿಗೂ ಊರೆಲ್ಲ ಹೇಳುತ್ತಾನೆ. ಅಂಥ ಅದ್ಭುತ ಐಡಿಯಾ ನನಗೆ ತಾನಾಗಿ ಹೊಳೆದಿರಲಿಲ್ಲ ಎಂಬುದೇ ನನ್ನ ಬೇಸರ. ಆದರೂ ಯಾರಾದರೂ ಕೇಳಿದರೆ ಇಲ್ಲ ಎನ್ನುವುದಿಲ್ಲ. ಬಂದ ಕೀರ್ತಿಯನ್ನು ಯಾಕೆ ಹಿಂದಕ್ಕೆ ಕಳಿಸಲಿ?

ಬಟ್ಟೆ, ನೀರು ತಂದು ರೋಲರನ್ನೂ ಚಕ್ರಗಳನ್ನೂ ನಾನೇ ತಿಕ್ಕಿ ಒರೆಸಿದೆ. ಎರಡನೇ ಸಲ ಓಡಿಸಿದಾಗ ಗೆರೆ ಸಭ್ಯ ಗೃಹಸ್ಥನಂತೆ ನಿಧಾನಕ್ಕೆ ಏರಿತು. ಅರವತ್ತೊಂದು. ಮೂರನೇ ಸಲವೂ ಅರವತ್ತೊಂದು. ಬೆನ್ನು ನೆಟ್ಟಗೆ ಮಾಡಿಕೊಂಡು ನಾನು ಅದಕ್ಕೆ ಸಹಿ ಹಾಕಿದೆ, ಅಡಿಯಲ್ಲಿ ಹಳೆಯ ಅಭ್ಯಾಸದಂತೆ ಎರಡು ಗೆರೆ ಎಳೆದೆ.

ಗಡ್ಡದವನು ಕೈ ಕುಲುಕಿದ. "ಅಂಕಲ್, ಗುಜರಿ ಸಾಮಾನಲ್ಲಿ ಅರವತ್ತೊಂದು ಸುಮ್ನೆ ಅಲ್ಲ. ಸಲಾಂ." ಕೇಳಿಸಿತೇ? ನಲವತ್ತಕ್ಕೂ ಕಡಿಮೆ ಇದ್ದದ್ದನ್ನು ಅರವತ್ತೊಂದು ಮಾಡಿದ ಕೈ ಇದು. ಬೇಕಾದವರು ಬಂದು ಮುಟ್ಟಿ ನೋಡಬಹುದು.

ನನ್ನ ಮುಂದೆ ಆಗಲೇ ಇನ್ನೊಂದು ಕೈ ಚಾಚಿಕೊಂಡಿತ್ತು. ಬಳೆ ತೊಟ್ಟ ಕೈ. ನಾನು ಕೀ ಇಟ್ಟೆ.

"ಮೂರು ದಿನ," ಎಂದಳು.

"ಸೋಮ, ಬುಧ, ಶುಕ್ರ," ಎಂದೆ.

"ಭಾನುವಾರಾನೂ ಬೇಕು. ಉಪ್ಪಿನಕಾಯಿ ಹಾಕಿದ್ದಕ್ಕೆ."

ಎಡಗಡೆ ಸೀಟಿನಲ್ಲಿ ಕೂತಾಗ ಅರಿವಾಯಿತು: ನನ್ನದೇ ಕಾರಿನ ಆ ಸೀಟಿನಲ್ಲಿ ನಾನು ಒಂದು ದಿನವೂ ಕೂತಿರಲಿಲ್ಲ. ಒಂದು ಸ್ಪ್ರಿಂಗ್ ಸರಿಯಾಗಿ ಬೆನ್ನುಮೂಳೆಗೆ ಚುಚ್ಚುತ್ತದೆ. ಇಂಜಿನ್ ಸ್ಟಾರ್ಟ್ ಆದರೆ ಸಾಕು, ಕೆಳಗಿನಿಂದ ಬಿಸಿಗಾಳಿ ಬಂದು ಪಾದ ಸುಡುತ್ತದೆ.

"ಏ, ಇಲ್ಲಿ ಸ್ಪ್ರಿಂಗ್ ಚುಚ್ಚುತ್ತಲ್ಲೇ!"

"ಹತ್ತು ವರ್ಷದಿಂದ," ಎಂದಳು, ಕನ್ನಡಿ ಸರಿಮಾಡಿಕೊಳ್ಳುತ್ತ.

ಹಿಂದಿನ ಸೀಟಿನಲ್ಲಿ ಗೆಳೆಯ ಉರುಳಾಡಿ ನಗುತ್ತಿದ್ದ. ಅವನ ಮನೆ ಅಲ್ಲೇ ಹತ್ತಿರ, ಇಳಿದುಕೋ ಎಂದರೆ, "ಇದನ್ನ ಬಿಟ್ಟು ಇಳೀತೀನಾ? ಆಮೇಲೆ ಮೆಟ್ರೋದಾಗೆ ವಾಪಸ್ ಬರ್ತೀನಿ" ಎಂದ.

ಅವಳು ಕ್ಲಚ್ ಬಿಟ್ಟಳು. ಗಾಡಿ ಯಾವ ಕೆರೆಗೂ ಹಾರಲಿಲ್ಲ. ಬೆಣ್ಣೆಯಂತೆ ಜಾರಿ ಹೊರಟಿತು. ಕೆ.ಆರ್. ಪುರಂ ಸೇತುವೆ ಹತ್ತುವಾಗ ಒಂದು ಬಿಎಂಟಿಸಿ ಬಸ್ಸಿನ ಪಕ್ಕಕ್ಕೆ ಬಂದಳು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು. ಅವಳು ಎರಡನೇ ಗೇರಿಗೆ ಇಳಿಸಿ ಒತ್ತಿದಳು. ಅಯ್ಯೋ, ಆ ಶಬ್ದ! ಒಳಗೆ ಕೂತು ಸುಮ್ಮನೆ ಕೇಳಿದರೆ ಅದು ಹೀಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಸ್ಸು ಹಿಂದೆ ಬಿತ್ತು. ಮೂವರೂ ಒಟ್ಟಿಗೆ ಕಿರುಚಿದೆವು. ನಾನು ಕಿಟಕಿಯಿಂದ ತಲೆ ಹೊರಹಾಕಿ, ಯಾವ ಸಂಬಂಧವೂ ಇಲ್ಲದ ಬಸ್ ಡ್ರೈವರನಿಗೆ, "ನಮ್ಮನೆಯೋಳು ಕಣ್ರೀ!" ಎಂದು ಕೂಗಿದೆ.

ಟಿನ್ ಫ್ಯಾಕ್ಟರಿ ದಾಟಿತು, ಇಂದಿರಾನಗರ ದಾಟಿತು. ಮರ್ಫಿ ಟೌನಿನ ತಿರುವು ಬಂತು. ಅವಳು ಇಂಡಿಕೇಟರ್ ಹಾಕಲೇ ಇಲ್ಲ. ತಿರುವು ನಮ್ಮನ್ನು ನೋಡುತ್ತ ಹಿಂದಕ್ಕೆ ಹೋಯಿತು.

"ಏ, ಮನೆ ಅಲ್ಲೇ ಉಳೀತು!"

"ಗೊತ್ತು ಕಣ್ರೀ. ಸುಮ್ನೆ ಕೂತ್ಕೊಳ್ಳಿ. ಇನ್ನೂ ನಾಲ್ಕನೇ ಗೇರೇ ಹಾಕಿಲ್ಲ ನಾನು."